ಕೊಡಗಿನಲ್ಲೇ ಇದ್ದು ದೇಣಿಗೆ ತರುವ ಕೆಲಸ ಮಾಡಬಹುದಾ?

ಸೋಮವಾರಪೇಟೆ ಕಡೆಯ ಹುಡುಗನೊಬ್ಬ ಮೊನ್ನೆ ಫೋನ್ ಮಾಡಿದ್ದ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ) ಓದಿ, ಮೈಸೂರಿನ ಸಂಸ್ಥೆಯೊಂದಕ್ಕೆ ಎರಡು ವರ್ಷ ದೇಣಿಗೆ ತಂದುಕೊಟ್ಟಿದ್ದಾನೆ. "ಅಕ್ಕಾ, ಮನೇಲಿ ಅಪ್ಪ ಒಬ್ಬರೇ. ಊರಲ್ಲೇ ಇದ್ದು ಇದೇ ಕೆಲಸ ಮಾಡೋಕಾಗುತ್ತಾ, ಇಲ್ಲ ಬೆಂಗಳೂರಿಗೇ ಹೋಗ್ಬೇಕಾ?" ವರ್ಷಕ್ಕೆ ಐದಾರು ಜನ ನನ್ನ ಹತ್ತಿರ ಇದನ್ನೇ ಕೇಳುತ್ತಾರೆ.

ಆಗುತ್ತೆ. ಆದರೆ ನಿಮ್ಮ ಸಂಬಳ ಯಾವ ದುಡ್ಡಿನಿಂದ ಬರುತ್ತದೆ ಅಂತ ತಿಳಿದುಕೊಂಡು ಸೇರಿ.

ನಾನು ಕೇಳದೆ ಸೇರಿದವಳು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಾಗ ಕೊಡಗಿಗೆ ಎಲ್ಲ ಕಡೆಯಿಂದ ನೆರವು ಬಂತು. ಆಗ ಸಣ್ಣ ಟ್ರಸ್ಟೊಂದು ದೇಣಿಗೆ ತರುವ ಕೆಲಸಕ್ಕೆ ನನ್ನನ್ನು ಕರೆಯಿತು. ಅವರಿಗೆ ವಿದೇಶದ ಹಣ ಬೆಂಗಳೂರಿನ ದೊಡ್ಡ ಸಂಸ್ಥೆಯ ಮೂಲಕ ಬರುತ್ತಿತ್ತು. ನನ್ನ ಸಂಬಳವೂ ಅದರಲ್ಲೇ. 2020ರ ಸೆಪ್ಟೆಂಬರ್‌ನಲ್ಲಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆಯ ಕಾನೂನು ತಿದ್ದಿದರು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವಂತಿಲ್ಲ ಅಂತಾಯಿತು. ಆ ಹಣದಲ್ಲಿ ಆಡಳಿತಕ್ಕೆ ಮಾಡಬಹುದಾದ ಖರ್ಚಿನ ಮಿತಿಯೂ 50 ಪರ್ಸೆಂಟ್‌ನಿಂದ 20ಕ್ಕೆ ಇಳಿಯಿತು. ಸಂಬಳ ಕೇಳಿದರೆ ಎರಡು ತಿಂಗಳು "ಮುಂದಿನ ವಾರ ಹಾಕ್ತೀವಿ" ಅಂದರು. ಆಮೇಲೆ ಅದೂ ಇಲ್ಲ. ಅವರು ಕೆಟ್ಟವರೇನಲ್ಲ. ಇದ್ದದ್ದು ಒಂದೇ ನಲ್ಲಿ, ಅದು ನಿಂತಿತು ಅಷ್ಟೇ.

ಈಗ ಸಂದರ್ಶನದಲ್ಲಿ ನಾನೇ ಎರಡು ಪ್ರಶ್ನೆ ಕೇಳುತ್ತೇನೆ. ಆಡಿಟ್ ವರದಿ ತೋರಿಸ್ತೀರಾ? ಹೋದ ವರ್ಷ ಕೊಟ್ಟವರಲ್ಲಿ ಈ ವರ್ಷ ಎಷ್ಟು ಜನ ಮತ್ತೆ ಕೊಟ್ಟರು? ಒಬ್ಬರು "ಅದೆಲ್ಲ ನೀವು ಬಂದ್ಮೇಲೆ ನೋಡ್ಕೊಳ್ಳಿ" ಅಂದರು. ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

"ತಂದದ್ದರಲ್ಲಿ ಹತ್ತು ಪರ್ಸೆಂಟ್ ನಿಮಗೆ" ಅನ್ನುವ ಕೆಲಸವಂತೂ ಬೇಡವೇ ಬೇಡ. ಹಾಸ್ಟೆಲ್ ಮಕ್ಕಳ ಊಟಕ್ಕೆ ಅಂತ ಕೊಟ್ಟವರಿಗೆ ಅದರಲ್ಲಿ ನಿಮ್ಮ ಪಾಲೂ ಇದೆ ಅಂತ ಗೊತ್ತಾದ ದಿನ ಏನಾಗುತ್ತೆ, ಹೇಳಿ?

ಇನ್ನು ಇಲ್ಲಿನ ದಾನಿಗಳು. ತೋಟದವರು ಕೊಡುತ್ತಾರೆ, ಆದರೆ ಕಾಫಿ ಮಾರಿದ ಮೇಲೆ. ಜುಲೈಯಲ್ಲಿ ಹೋದರೆ ಮಳೆ, ಕೊಳೆರೋಗದ ಮಾತು. ಡಿಸೆಂಬರ್, ಜನವರಿಯಲ್ಲಿ ಕುಯ್ಲು, ಆಳಿಲ್ಲ. ಆಮೇಲೆ ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬರುತ್ತಾ ಅಂತ ಆಕಾಶ ನೋಡುತ್ತಾ ಕೂತಿರುತ್ತಾರೆ. ವಿರಾಜಪೇಟೆ ಕಡೆಯ ಹಿರಿಯರೊಬ್ಬರು ನನ್ನನ್ನು ಮೂರು ಸಲ ವಾಪಸ್ ಕಳಿಸಿದ್ದರು. "ಚೀಲ ಲಾರಿ ಹತ್ತಲಿ, ಆಮೇಲೆ ಬಾ ಮಗಳೇ." ಹೋದೆ. ಐದು ಸಾವಿರ ನಗದು ಎಣಿಸಿ ಮೇಜಿನ ಮೇಲಿಟ್ಟರು. ನಗದಾಗಿ 2000 ರೂಪಾಯಿ ಮೀರಿದರೆ ಆದಾಯ ತೆರಿಗೆಯ 80ಜಿ ವಿನಾಯಿತಿ ಸಿಗಲ್ಲ, ಚೆಕ್ ಕೊಡಿ ಅಂದೆ. ಬೀರುವಿನಲ್ಲಿ ಅರ್ಧ ಗಂಟೆ ಹುಡುಕಿದರು. ಹಳೇ ಚಾಳೀಸು, ತೋಟದ ಕೀ, ಎರಡು ಕಾಡತೂಸು ಸಿಕ್ಕವು, ಕೊನೆಗೆ ಚೆಕ್ ಪುಸ್ತಕ. ಬರುವ ಹಣ ಬೇಡ ಅಂದವಳು ಅಂತ ನನ್ನ ಮೇಲೆ ನಂಬಿಕೆ ಬಂತೋ ಏನೋ, ಈಗ ಪ್ರತಿ ವರ್ಷ ಅವರೇ ಫೋನ್ ಮಾಡುತ್ತಾರೆ.

ಇಂಥವರಿಂದ ಮಾತ್ರ ಸಂಸ್ಥೆ ನಡೆಯಲ್ಲ, ನಿಜ. ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕಾನೂನಿನ ಪ್ರಕಾರ ಕೊಡುವ ಹಣ ಬೇಕು. ಈ ಕಾನೂನಿಗೆ ಒಳಪಡುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟ್ ಖರ್ಚು ಮಾಡಬೇಕು. ಆದರೆ ತಮ್ಮ ಸುತ್ತಮುತ್ತಲಿನ ಊರಿಗೆ ಮೊದಲ ಆದ್ಯತೆ ಅಂತಲೂ ಅದೇ ಕಾನೂನಿನಲ್ಲಿದೆ. ದೊಡ್ಡ ಕಾರ್ಖಾನೆಗಳೇ ಕಡಿಮೆ ಇರುವ ನಮ್ಮ ಜಿಲ್ಲೆಗೆ ಇದು ಕಷ್ಟ. ಹಾಗಾಗಿ ತಿಂಗಳಿಗೆ ಎರಡು ಸಲ ಬೆಂಗಳೂರು ಬಸ್ಸು ತಪ್ಪಿದ್ದಲ್ಲ. ಬಸ್ ಚಾರ್ಜು, ಉಳಿಯುವ ಖರ್ಚು ಸಂಸ್ಥೆಯದ್ದು ಅಂತ ನೇಮಕದ ಪತ್ರದಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಆ ಹುಡುಗನನ್ನು ಸೋಮವಾರಪೇಟೆಯ ಒಂದು ಟ್ರಸ್ಟ್ ಕರೆದಿದೆಯಂತೆ. ಸಂಬಳ ಮೈಸೂರಿಗಿಂತ ನಾಲ್ಕು ಸಾವಿರ ಕಡಿಮೆ. ಅದು ಪರವಾಗಿಲ್ಲ, ಮನೆ ಬಾಡಿಗೆ ಇಲ್ವಲ್ಲ. ಆಡಿಟ್ ವರದಿ ಕೇಳು ಅಂದಿದ್ದೆ. ಸೋಮವಾರ ಕೇಳಿದ್ದಾನೆ. ಇವತ್ತು ಶುಕ್ರವಾರ, ಇನ್ನೂ ಬಂದಿಲ್ಲ.