ಬೆಡಿ ಹತ್ತಿದ ಹೊತ್ತಿಗೆ ಸುತ್ತುತ್ತಾ ಕೂತ ಪಿಟಿಟಿ ಆ್ಯಪ್

ನಾನು ಕಾಸರಗೋಡಲ್ಲಿ ವಯರ್‌ಲೆಸ್ ಸೆಟ್ ಸಪ್ಲೈ, ರಿಪೇರಿ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಟೆಕ್ನಿಷಿಯನ್. ಎರಡು ವರ್ಷ ಹಿಂದೆ ಒಂದು ಇಲಾಖೆಯವರಿಗೆ ಜಾತ್ರೆ ಬಂದೋಬಸ್ತಿಗೆ ಅಂತ 12 ಫೋನ್, ಅದರಲ್ಲಿ ಬಟನ್ ಒತ್ತಿ ಮಾತಾಡುವ ಆ್ಯಪ್ (ಪಿಟಿಟಿ, ಅಂದ್ರೆ ಪುಶ್ ಟು ಟಾಕ್) ಹಾಕಿ ಟ್ರಯಲಿಗೆ ಕೊಟ್ಟೆವು. ಸೆಟ್ಟಿನ ಸಿಗ್ನಲ್ ಹಿಡಿದು ದೂರಕ್ಕೆ ದಾಟಿಸುವ ರಿಪೀಟರ್ ಗುಡ್ಡೆ ಮೇಲೆ ಬೇಡ, ಯಾರು ಎಲ್ಲಿದ್ದಾರೆ ಅಂತ ಮ್ಯಾಪಲ್ಲಿ ಕಾಣ್ತದೆ, ಫೋಟೋ ಕಳಿಸ್ಲಿಕ್ಕೂ ಆಗ್ತದೆ ಅಂತೆಲ್ಲ ನಾನೇ ಹೇಳಿ ಒಪ್ಪಿಸಿದ್ದು. ಹಗಲು ಗದ್ದೆಯಲ್ಲಿ ನಿಂತು ಟೆಸ್ಟ್ ಮಾಡಿದ್ದೂ ನಾನೇ, ಸಿಗ್ನಲ್ ಫುಲ್ ಕಡ್ಡಿ, ಸೆಟ್ಟಿಗಿಂತ ಕ್ಲಿಯರ್ ಸ್ವರ.

ರಾತ್ರಿ ಜಾತ್ರೆಯ ಬೆಡಿ, ಅಂದ್ರೆ ಪಟಾಕಿ, ಹತ್ತಿಸಿದ್ರು ನೋಡಿ, ಗದ್ದೆ ತುಂಬ ಜನ ಫೋನ್ ಮೇಲೆ ಎತ್ತಿ ಲೈವ್ ಹಾಕ್ಲಿಕ್ಕೆ ಶುರು. ಲೈವ್ ಅಂದ್ರೆ ಫೋನಿಂದ ಟವರಿಗೆ ಹೋಗುವ ದಾರಿ ಪೂರ್ತಿ ಬ್ಲಾಕ್, ನಮ್ಮ ಮಾತೂ ಅದೇ ದಾರಿಯಲ್ಲಿ ಹೋಗ್ಬೇಕಲ್ಲ. ಕಡ್ಡಿ ಫುಲ್ಲೇ ಉಂಟು, ಬಟನ್ ಒತ್ತಿದ್ರೆ ಮಾತ್ರ ಸ್ಕ್ರೀನಲ್ಲಿ ಚಕ್ರ ಸುತ್ತುದು. ಅದಕ್ಕಿಂತ ದೊಡ್ಡ ಎಡವಟ್ಟು ಎಂತ ಗೊತ್ತುಂಟಾ, ಆ ಆ್ಯಪ್ ಹೋಗದ ಮಾತನ್ನು ಹಿಡಿದಿಟ್ಟುಕೊಂಡು ದಾರಿ ಸಿಕ್ಕಿದಾಗ ಕಳಿಸ್ತದೆ. "ಪಡು ಗೇಟ್ ಮುಚ್ಚಿ" ಅಂದದ್ದು ಗೇಟಿನವರಿಗೆ ಕೇಳಿದ್ದು ಅದನ್ನು ತೆರೀರಿ ಅಂತ ಆಳು ಕಳಿಸಿ ಹೇಳಿಸಿದ ಮೇಲೆ. ಅವ್ರು ಪುನಃ ಮುಚ್ಚಿದ್ರು! ರೇಡಿಯೋದಲ್ಲಿ ಮಾತು ಹೋಗ್ಲಿಲ್ಲ ಅಂದ್ರೆ ಹೋಗ್ಲಿಲ್ಲ, ಮುಗೀತು, ತಂಗಳು ಮಾತು ಬರುದಿಲ್ಲ.

ಅಲ್ಲಿ ಒಬ್ರು ಎಎಸ್‌ಐ ಇದ್ರು, ಫೋನ್ ಕಿಸೆಗೆ ಹಾಕಿ ಬೆಲ್ಟಿಂದ ಹಳೇ ಸೆಟ್ ತೆಗೆದು, ಕತ್ತಲಲ್ಲಿ ನೋಡದೆಯೇ ನಾಬ್ ತಿರುಗಿಸಿದ್ರು, ಟಕ್ ಟಕ್ ಟಕ್, ಮೂರನೇ ಚಾನೆಲ್. ಪಡು ಗೇಟಲ್ಲಿ ಇನ್ನೊಬ್ರ ಹತ್ರವೂ ಸೆಟ್ ಇತ್ತು. ಗೇಟ್ ತೆರೆದದ್ದು ಅದರಿಂದ. ನನ್ನನ್ನು ನೋಡಿ "ಎಂತ ಮಾರಾಯ, ನಿನ್ನ ಆ್ಯಪಿಗೆ ಬೆಡಿ ನೋಡ್ಲಿಕ್ಕುಂಟಾ?" ಅಂದ್ರು.

ತಪ್ಪು ಆ್ಯಪಿನದ್ದು ಅಂತ ಒಂದು ವಾರ ಜಗಳಾಡಿದೆ. ಕೂತು ಓದಿದ ಮೇಲೆ ಗೊತ್ತಾಯ್ತು, ನಾನು ಹಾಕಿದ್ದು ಅಂಗಡಿಯಲ್ಲಿ ಸಿಗುವ ಸಿಮ್. ಸಿಮ್ಮಿನೊಳಗೆ ಒಂದು ಆ್ಯಕ್ಸೆಸ್ ಕ್ಲಾಸ್ ಇರ್ತದೆ, ನಮ್ಮಂಥವರದ್ದೆಲ್ಲ 0ರಿಂದ 9, ಭದ್ರತೆಯವರಿಗೆ 12, ಎಮರ್ಜೆನ್ಸಿಗೆ 14. ನೆಟ್‌ವರ್ಕ್ ಅದನ್ನು ನೋಡಿ ರಶ್ ಆದಾಗ ಯಾರನ್ನು ಒಳಗೆ ಬಿಡುದು ಅಂತ ತೀರ್ಮಾನ ಮಾಡ್ಬಹುದು, ಒಳಗೆ ಹೋದ ಮೇಲೆ ಮಾತಿಗೆ ಬೇರೆ ಪ್ರಯಾರಿಟಿಯೂ ಬೇಕು. ಮೊಬೈಲ್ ನೆಟ್‌ವರ್ಕಿಗೆ ಸ್ಟ್ಯಾಂಡರ್ಡ್ ಬರೆಯುವ 3ಜಿಪಿಪಿಯವರು 2016ರ ರಿಲೀಸ್ 13ರಲ್ಲಿ ಇದಕ್ಕೇ ಎಂಸಿಪಿಟಿಟಿ (ಮಿಷನ್ ಕ್ರಿಟಿಕಲ್ ಪುಶ್ ಟು ಟಾಕ್) ಅಂತ ಸ್ಟ್ಯಾಂಡರ್ಡ್ ಮಾಡಿದ್ದು. ಅಮೆರಿಕದಲ್ಲಿ ಪೊಲೀಸ್, ಫೈರ್‌ನವರಿಗೆ ಅಂತ ಇರುವ ಫಸ್ಟ್‌ನೆಟ್ ನೆಟ್‌ವರ್ಕಲ್ಲಿ ರಶ್ ಆದ್ರೆ ಬೇರೆಯವರನ್ನು ಸರಿಸಿ ಇವರಿಗೆ ಜಾಗ ಕೊಡ್ತಾರೆ. ಕೊರಿಯಾದವರು 2014ರ ಸೆವೋಲ್ ಹಡಗಿನ ದುರಂತ ಆದ ಮೇಲೆ 700 ಮೆಗಾಹರ್ಟ್ಸಲ್ಲಿ ಬೇರೆ ನೆಟ್‌ವರ್ಕನ್ನೇ ಕಟ್ಟಿ 2021ಕ್ಕೆ ಮುಗಿಸಿದ್ರು. ಬ್ರಿಟನ್ನಿನವರು ಇಂಥದ್ದೇ ನೆಟ್‌ವರ್ಕಿಗೆ 2015ರಲ್ಲಿ ಕಾಂಟ್ರಾಕ್ಟ್ ಕೊಟ್ಟು, ಪೊಲೀಸ್, ಫೈರ್‌ನವರ ಹಳೇ ಏರ್‌ವೇವ್ ರೇಡಿಯೋ 2019ಕ್ಕೆ ಬಂದ್ ಅಂದಿದ್ರು, ಅದು ಈಗಲೂ ನಡೀತಾ ಉಂಟು. ಇದನ್ನು ಓದಿದಾಗ ಸ್ವಲ್ಪ ಸಮಾಧಾನ ಆಯ್ತು ಅಂತ ಹೇಳ್ಲಿಕ್ಕೆ ನಾಚಿಕೆ ಇಲ್ಲ.

ಪ್ರಯಾರಿಟಿ ಸಿಕ್ಕಿದ್ರೂ ಒಂದು ವಿಷಯ ಬಾಕಿ. ಆಷಾಢದ ಮಳೆಗೆ ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದ್ರೆ ಸೆಟ್ಟಿಂದ ಸೆಟ್ಟಿಗೆ ನೇರ ಮಾತಾಡ್ಬಹುದು, ಹ್ಯಾಂಡ್‌ಸೆಟ್ 5 ವಾಟ್ ಬಿಡ್ತದೆ. ಫೋನ್ ಬಿಡುದು ಸಾಧಾರಣ 200 ಮಿಲಿವಾಟ್, ಟವರಿಲ್ಲದೆ ಫೋನಿಂದ ಫೋನಿಗೆ ದೂರ ಮಾತಾಡುದು ಸ್ಟ್ಯಾಂಡರ್ಡಿನ ಪೇಪರಲ್ಲಿ ಉಂಟು, ಮಾರ್ಕೆಟಲ್ಲಿ ಸಿಗುವ ಫೋನಲ್ಲಿ ಹುಡುಕಿದ್ರೂ ಸಿಗುದು ಕಷ್ಟ.

ಈಗ ಕಸ್ಟಮರ್ ಕೇಳಿದ್ರೆ ಫೋನ್ ಮ್ಯಾಪಿಗೆ, ಫೋಟೋಗೆ, ಮಾತಿಗೆ ಸೆಟ್ ಅಂತ ಹೇಳ್ತೇನೆ. ಡೆಮೊ ಕೊಡುದಾದ್ರೆ ಬೆಡಿ ಹೊತ್ತಿಗೇ ಕೊಡುದು. ಇನ್ನು ಬೇಡ ಅಂತ ಸ್ಟಾಕ್ ನಿಲ್ಲಿಸಿದ್ದ ಹಳೇ ಸೆಟ್ಟಿನ ಬ್ಯಾಟರಿ ಕಳೆದ ವಾರ 20 ಆರ್ಡರ್ ಹಾಕಿದೆ, ಧಣಿ ಎಂತಕ್ಕೆ ಅಂತ ಕೇಳ್ಲಿಲ್ಲ.