ಅವ್ವನ ಓಟು

ಇವತ್ತು ಕಪಾಟು ಒರೆಸುವಾಗ ಡಿಗ್ರಿ ಸರ್ಟಿಫಿಕೇಟಿನ ಜೆರಾಕ್ಸ್ ಸಿಕ್ಕಿತು. ಪದವೀಧರ ಕ್ಷೇತ್ರದ ಪಟ್ಟಿಗೆ ಹೆಸರು ಸೇರಿಸಲು ತೆಗೆಸಿದ್ದು.

ಅವ್ವ ಜೋಳ ಹಸನು ಮಾಡುತ್ತಾ ಕೂತಿದ್ದಳು. "ಓಟಿಗೂ ಡಿಗ್ರಿ ಬೇಕೇನು?" ಅಂದಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಹೇಳಿದೆ. ವಿಧಾನಸಭೆಗೆ ಬೇಡ ಅವ್ವ. ಅಲ್ಲಿ 224 ಜನ, ನಮ್ಮ ಕೊಪ್ಪಳ ಜಿಲ್ಲೆಯಿಂದ 5. ವಿಧಾನ ಪರಿಷತ್ತು ಬೇರೆ. ಅಲ್ಲಿರುವ 75ರಲ್ಲಿ 7 ಜನರನ್ನು ಮಾತ್ರ ಪದವೀಧರರು ಆರಿಸುತ್ತಾರೆ. ಬೀದರಿಂದ ಬಳ್ಳಾರಿವರೆಗೆ ಸೇರಿ ನಮಗೆ ಒಬ್ಬರು.

ಅಲ್ಲಿ ಬಟನ್ ಇಲ್ಲ. ಕಾಗದದ ಮೇಲೆ ಅವರೇ ಕೊಟ್ಟ ನೇರಳೆ ಪೆನ್ನಿನಿಂದ 1, 2, 3 ಅಂತ ಬರೆಯಬೇಕು. ಆ 1 ಬರೆಯುವಾಗ ನನ್ನ ಕೈ ಸ್ವಲ್ಪ ನಡುಗಿತ್ತು. ಪರೀಕ್ಷೆಯಲ್ಲೂ ಹಾಗೆ ಆಗಿರಲಿಲ್ಲ.

"ಹಂಗಾದ್ರ ನಿನ್ನ ಓಟು ದೊಡ್ಡದು" ಅಂದಳು.

ಇಲ್ಲ ಅವ್ವ! ಸಭೆ ಪಾಸು ಮಾಡಿದ ಮಸೂದೆಯನ್ನು ಪರಿಷತ್ತು ಮೂರು ತಿಂಗಳು ತಡೆಯಬಹುದು. ಸಭೆ ಮತ್ತೆ ಪಾಸು ಮಾಡಿದರೆ ಇನ್ನೊಂದು ತಿಂಗಳು, ಅಷ್ಟೇ. ದುಡ್ಡಿನ ಮಸೂದೆಯಾದರೆ 14 ದಿನ. ಆಮೇಲೆ ಸಭೆಯ ಮಾತೇ ನಡೆಯುತ್ತದೆ, ರಾಜ್ಯಪಾಲರ ಸಹಿಗೆ ಹೋಗುತ್ತದೆ. ಆ ತಡೆಯೂ ಬೇಕು ಅನ್ನುವವಳು ನಾನು, ಅವಸರದ ಕಾನೂನನ್ನು ಇನ್ನೊಮ್ಮೆ ಓದುವವರು ಇರಬೇಕು. ಆದರೆ ಕೊನೆಯ ಮಾತು ಅವ್ವ ಆರಿಸಿದ ಸಭೆಯದು.

ಅವ್ವ ಮೊರ ಕೆಳಗಿಟ್ಟಳು. ಮಸಿ ಹಚ್ಚುವ ಆ ಎಡಗೈ ಬೆರಳನ್ನು ಸುಮ್ನೆ ತಿರುಗಿಸಿ ನೋಡಿಕೊಂಡಳು.