ನೀರು ಹಾಕಿದ್ದರು, ಕೋಳಿ ಕುಡಿದಿರಲಿಲ್ಲ

ಬೆಂಗಳೂರಿನಲ್ಲಿ ಪಶುವೈದ್ಯನಾಗಿ ಕೆಲಸಕ್ಕೆ ಸೇರಿದ ಮೊದಲ ಬೇಸಿಗೆ. ಏಪ್ರಿಲ್ ತಿಂಗಳು. ಕಾಮಾಕ್ಷಿಪಾಳ್ಯದ ಕಡೆಯಿಂದ ಒಬ್ಬ ಅಮ್ಮ ಬಟ್ಟೆ ಚೀಲದಲ್ಲಿ ಗಿರಿರಾಜ ಹ್ಯಾಟೆಯನ್ನು, ಅಂದರೆ ಹೆಣ್ಣು ಕೋಳಿಯನ್ನು, ಹೊತ್ತು ತಂದರು. ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೇ ಹುಟ್ಟಿದ ತಳಿ. "ದಿನ ಬಿಟ್ಟು ದಿನ ಮೊಟ್ಟೆ ಇಡ್ತಿತ್ತು ಸಾರ್. ಮೊದಲು ಸಿಪ್ಪೆ ತೆಳ್ಳಗಾಯ್ತು, ಈಗ ಹನ್ನೆರಡು ದಿನದಿಂದ ಒಂದೂ ಇಲ್ಲ" ಅಂದರು.

ಒಂದೊಂದಾಗಿ ನೋಡುತ್ತ ಬಂದೆ. ಪುಕ್ಕ ಉದುರುವ ಕಾಲದಲ್ಲಿ ಎರಡು ಮೂರು ತಿಂಗಳು ಮೊಟ್ಟೆ ನಿಲ್ಲುವುದುಂಟು. ಇದರ ಪುಕ್ಕ ಚೆನ್ನಾಗಿತ್ತು. ಕಾವಿಗೆ ಕೂತಿದ್ದರೆ ಕೈ ಹಾಕಿದೊಡನೆ ಮೈಯುಬ್ಬಿಸಿ ಕುಕ್ಕುತ್ತಿತ್ತು. ಇದು ಮಂಕಾಗಿ ಕೂತಿತ್ತು. ವಯಸ್ಸಾಗಿರಲಿಲ್ಲ, ರೆಕ್ಕೆಯಡಿ ಹೇನಿರಲಿಲ್ಲ. ಜುಟ್ಟು ಮಾತ್ರ ಬಿಳಿಚಿಕೊಂಡಿತ್ತು. ಮೊಟ್ಟೆ ಇಡುವ ಹ್ಯಾಟೆಯ ಹಿಂಭಾಗದ ಎರಡು ಎಲುಬುಗಳ ನಡುವೆ ಎರಡು ಮೂರು ಬೆರಳು ಹಿಡಿಸಬೇಕು. ಇಲ್ಲಿ ಒಂದೇ ಹಿಡಿಸಿತು.

"ನೀರು ಹಾಕ್ತೀರಾ ಅಮ್ಮಾ?"

"ಅಯ್ಯೋ, ಮೂರು ಹೊತ್ತೂ ಹಾಕ್ತೀನಿ."

ನೀರಿನ ಮಾತು ಅಲ್ಲಿಗೇ ಬಿಟ್ಟೆ. ತೆಳ್ಳನೆ ಸಿಪ್ಪೆ ಅಂದಕೂಡಲೇ ನನ್ನ ತಲೆಯಲ್ಲಿ ಕೂತದ್ದು ಕ್ಯಾಲ್ಸಿಯಂ. ಟಾನಿಕ್ ಬರೆದು, ಕುಡಿಯುವ ನೀರಿಗೆ ಬೆರೆಸಿ ಎಂದು ಕಳಿಸಿದೆ.

ಹತ್ತು ದಿನಕ್ಕೆ ಮತ್ತೆ ಬಂದರು. ಕೈಗೆತ್ತಿಕೊಂಡರೆ ಕೋಳಿ ಇನ್ನೂ ಹಗುರ. ಮನಸ್ಸು ತಡೆಯಲಿಲ್ಲ, ಊಟದ ಹೊತ್ತಿನಲ್ಲಿ ಅವರ ಜೊತೆ ಮನೆಗೇ ಹೋದೆ.

ತಾರಸಿ ಮೇಲೆ ಕಪ್ಪು ನೀರಿನ ಟ್ಯಾಂಕು, ಪಕ್ಕದಲ್ಲೇ ತಗಡು ಹೊದಿಸಿದ ಗೂಡು. ಒಳಗಿದ್ದ ಇನ್ನೊಂದು ಹ್ಯಾಟೆ ರೆಕ್ಕೆ ಅಗಲಿಸಿ, ಬಾಯಿ ತೆರೆದು, ಗಂಟಲು ಪಟಪಟ ಅಲುಗಿಸುತ್ತ ನಿಂತಿತ್ತು. ಕೋಳಿ ಬೆವರುವುದಿಲ್ಲ, ಹೀಗೆ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಅಮ್ಮ ಬೋಸಿಯ ಹಳೇ ನೀರು ಚೆಲ್ಲಿ, ಪ್ರೀತಿಯಿಂದ, ಟ್ಯಾಂಕಿನ ನಲ್ಲಿಯಿಂದ ಹೊಸದಾಗಿ ತುಂಬಿಸಿಟ್ಟರು. ಬೆರಳಿಟ್ಟು ನೋಡಿದೆ. ಸ್ನಾನಕ್ಕೆ ಹದವಾದ ಬಿಸಿ! ಹ್ಯಾಟೆ ಬಂತು, ಕೊಕ್ಕು ತಾಗಿಸಿತು, ತಲೆ ಕೊಡವಿ ಹಿಂದೆ ಸರಿಯಿತು. ನಾನು ಬರೆದ ಔಷಧಿಯೂ ಅದೇ ನೀರಿನಲ್ಲಿತ್ತು.

ಮೊಟ್ಟೆಯೊಳಗಿನದರಲ್ಲಿ ಮುಕ್ಕಾಲು ಪಾಲು ನೀರೇ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಸಿಪ್ಪೆ ಕಟ್ಟುವುದಕ್ಕೇ ಹೋಗುತ್ತದೆ. ಸಿಪ್ಪೆಗೆ ಬೇಕಾದ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ಮೇವಿನಿಂದ ಬರಬೇಕು. ನೀರು ಬಿಟ್ಟ ಕೋಳಿ ಮೇವನ್ನೂ ಬಿಡುತ್ತದೆ. ಸಾಲದ್ದಕ್ಕೆ, ಏದುಸಿರು ಬಿಟ್ಟಷ್ಟೂ ರಕ್ತದಲ್ಲಿ ಸಿಪ್ಪೆ ಕಟ್ಟುವ ಅಂಶ ಕಡಿಮೆಯಾಗುತ್ತದೆ. ಮೊದಲು ಸಿಪ್ಪೆ ತೆಳ್ಳಗಾಗಿ ಆಮೇಲೆ ಮೊಟ್ಟೆ ನಿಂತದ್ದು ಹೀಗೆ. ಆ ಅಮ್ಮ ಬಂದ ದಿನವೇ ಎಲ್ಲವನ್ನೂ ಸರಿಯಾದ ಕ್ರಮದಲ್ಲೇ ಹೇಳಿದ್ದರು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಟಾನಿಕ್ ನಿಲ್ಲಿಸಿದೆ. ಗೂಡನ್ನು ಮೆಟ್ಟಿಲ ಕೆಳಗಿನ ನೆರಳಿಗೆ ಇಳಿಸಿದೆವು. ಮಧ್ಯಾಹ್ನ ಒದ್ದೆ ಗೋಣಿಚೀಲ ಹೊದಿಸಿ, ಮಡಕೆ ನೀರು ಇಡಿ, ಮೇವನ್ನು ಬೆಳಗ್ಗೆ ಬೇಗ ಮತ್ತು ಸಂಜೆ ತಂಪಿನಲ್ಲಿ ಹಾಕಿ ಎಂದೆ. ಎರಡು ವಾರವಾದ ಮೇಲೆ ಫೋನ್ ಬಂತು: "ಇಟ್ಟಿದೆ ಸಾರ್, ಚಿಕ್ಕದು. ಸಿಪ್ಪೆ ಗಟ್ಟಿಯಾಗಿದೆ."

ಈಗ ಯಾರೇ ಕೋಳಿ ತಂದರೂ ನಾನು ಕೇಳುವುದು ಹೀಗೆ: ಬೆಳಗ್ಗೆ ಎಷ್ಟು ನೀರು ಇಟ್ಟಿರಿ, ಸಂಜೆಗೆ ಎಷ್ಟು ಉಳಿದಿತ್ತು?